ಅರಿಷಿಣ ಹಚ್ಚಿದ ಕೋಳಿ

ನಮ್ಮ ಓಣಿಯ ದುರ್ಗವ್ವನ ಕೋಳಿಗೂಡಿನಷ್ಟು ಚೊಕ್ಕ ಮನೆಗಳು ಹುನಗುಂದದ ಸುತ್ತ ಎಷ್ಟಿದ್ದವೋ, ನಮ್ಮದಂತೂ ಅಲ್ಲ. ಹಿತ್ತಲಲ್ಲಿ ನಾಲ್ಕು ಕಲ್ಲಿನ ಮೇಲೆ ಪರಸಿ ಬಂಡೆ ಹಾಸಿ, ಹತ್ತಿಕಟ್ಟಿಗೆಯ ಗೋಡೆ ಹೆಣೆದು ಮಣ್ಣು ಮೆತ್ತಿದ್ದಳು. ಮುಂದೆ ಕೋಳಿ ಅಡ್ಡಾಡಲು ಅಂಗಳ, ಮುಂಗುಸಿ ನುಗ್ಗದಂತೆ ಜಾಲಿಮುಳ್ಳಿನ ಬೇಲಿ. ದಿನಾ ಗುಡಿಸಿ, ಹೇನಾಗದಂತೆ ಬೂದಿ ಚೆಲ್ಲುತ್ತಿದ್ದಳು. ಹೊಸ ಕೋಳಿ ಬಂದರೆ ಎಂಟು ದಿನ ಬುಟ್ಟಿಯಡಿ, ಆಮೇಲೆ ಗೂಡು. ಮೂಡಲ ದಿಕ್ಕಿನ ಪಕ್ಕದೂರಿಗೆ ಕೊಟ್ಟಿದ್ದ ಮಗಳು ಶೇಖವ್ವನಿಗೂ ಆರು ಹ್ಯಾಟೆ ಕೋಳಿ ಕೊಟ್ಟು, ಅಂಥದೇ ಗೂಡು ಕಟ್ಟಿಸಿ, ಇದನ್ನೆಲ್ಲ ಕಲಿಸಿ ಬಂದಿದ್ದಳು. ಅಳಿಯ ಹಾಸಿಗೆ ಹಿಡಿದ ಮೇಲೆ ಶೇಖವ್ವನ ಒಲೆ ಉರಿಯುತ್ತಿದ್ದುದು ಆ ಕೋಳಿಗಳಿಂದಲೇ.

ಎಪ್ಪತ್ತೆಂಟರ ಶ್ರಾವಣದಲ್ಲಿ ದುರ್ಗವ್ವನ ಗಂಡ ಯಮನೂರಪ್ಪ ಕರೀ ಕೋಳಿಯೊಂದನ್ನು ಕಂಕುಳಲ್ಲಿ ಹಿಡಿದು ಬಂದ.

"ಎಲ್ಲಿದಿದು? ರೆಕ್ಕಿ ಯಾಕ ತೊಯ್ದಾವ?"

"ಸಂತ್ಯಾಗ ತಗೊಂಡೆ. ಹಳ್ಳ ದಾಟುವಾಗ ತೊಯ್ತು."

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಆಸಾಮಿ ಅವನು. ದುರ್ಗವ್ವ ನಂಬಿದಳು. ಪದ್ಧತಿಯಂತೆ ಅಂಗಳದಲ್ಲೇ ಬುಟ್ಟಿ ಮುಚ್ಚಿದಳು. ಉಳಿದ ಕೋಳಿಗಳು ಆ ಬುಟ್ಟಿಯ ಸಂದಿಯಿಂದ ಉದುರಿದ ಕಾಳನ್ನೇ ಹೆಕ್ಕಿದವು.

ಐದನೇ ದಿನ ಒಂದರ ಕುತ್ತಿಗೆ ತಿರುಚಿಕೊಂಡಿತು. ವಾರದೊಳಗೆ ಹತ್ತೊಂಬತ್ತು ಸತ್ತವು. ಕರೀದು ಮಾತ್ರ ಗುಂಡುಕಲ್ಲಿನಂತೆ ಇತ್ತು.

ಊರ ಹಿರಿಯ ಅಮಾತೆಪ್ಪ ಬಂದ. "ಉಳದದ್ದಕ್ಕ ಅರಿಷಿಣ ಹಚ್ಚಿ ಮೂಡಲ ಗಡಿ ದಾಟಸವ್ವಾ. ಬ್ಯಾನಿ ಅದರ ಕೂಡ ಹೋಗ್ತೈತಿ."

"ಆ ಕಡೆ ನನ್ನ ಮಗಳದಾಳ್ರಿ."

"ಪಡುವಲದ ಊರಾಗ ಮೊದಲ ಬಿದ್ದ ಬ್ಯಾನಿ ಇದು, ಹಿಂದಕ್ಕ ಕಳಸಾಕ ಬರಂಗಿಲ್ಲ. ಅರಿಷಿಣದ ಕೋಳಿ ಮುಟ್ಟಬಾರದಂತ ನಿನ್ನ ಮಗಳಿಗೆ ಗೊತ್ತಿಲ್ಲೇನು? ಬಿಟ್ಟಾಕಿ ಒಂಬತ್ತು ದಿನ ಆ ಊರು ತುಳೀಬಾರದು, ನೆನಪಿರ್ಲಿ."

ಅರಿಷಿಣ ಹಚ್ಚಲು ರೆಕ್ಕೆ ಎತ್ತಿದ ದುರ್ಗವ್ವನ ಕೈ ನಿಂತಿತು. ಪುಕ್ಕದ ಬುಡದಲ್ಲಿ ಆಗಲೇ ಹಳದಿ ಇತ್ತು. ಗಂಡನ ಮುಖ ನೋಡಿದಳು.

"ಪಡುವಲ ಗಡ್ಯಾಗ ಸಿಕ್ಕಿತ್ತು," ಎಂದ ಆತ. "ಹಳ್ಳದಾಗ ತೊಳದೆ."

ಯಮನೂರಪ್ಪನಿಗೆ ಎರಡು ಬಿಗಿಯಬೇಕೆನಿಸಿತು ನನಗೆ. ದುರ್ಗವ್ವ ಮನೆಯಲ್ಲಿದ್ದ ಅರಿಷಿಣವನ್ನೆಲ್ಲ ಕಲಸಿ ದಪ್ಪಗೆ ಬಳಿದು, ಗಡಿಯಲ್ಲಿ ಬಿಟ್ಟು, ತಿರುಗಿ ನೋಡದೆ ಬಂದಳು. ಸಂಜೆಗೆ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ದುರ್ಗವ್ವ ಬಾಗಿಲಲ್ಲಿ ಕೂತು ಮೂಡಲ ಕಡೆಗೇ ನೋಡುತ್ತಿದ್ದಳು. "ಅರಿಷಿಣ ಉಳದಿರ್ತೈತೇನ?" ಎಂದು ಕೇಳಿದಳು. ನಾನು ಹೂಂ ಎಂದೆ. ಸುಳ್ಳು ಹೇಳಿದೆ.

ನಾಲ್ಕನೇ ದಿನ ಊರೂರು ತಿರುಗಿ ತತ್ತಿ ಕೊಳ್ಳುವ ಮುರ್ತುಜಸಾಬ ಬಂದ. "ದುರ್ಗವ್ವಾ, ನಿನ್ನ ಮಗಳು ಹೇಳಿ ಕಳಿಸ್ಯಾಳ. ಹೊಲದ ಬದುವಿನ್ಯಾಗ ಚಲೋ ಕರೀ ಹ್ಯಾಟಿ ಸಿಕ್ಕೈತಂತ. ನೀ ಕಲಿಸಿದ್ದು ಮರತಿಲ್ಲಂತ, ಅಂಗಳದಾಗ ಬುಟ್ಟಿ ಮುಚ್ಚ್ಯಾಳ."

ದುರ್ಗವ್ವ ಆ ಊರು ತುಳಿಯಲು ಇನ್ನೂ ಐದು ದಿನ ಬಾಕಿ ಇದ್ದವು.