ನಿನ್ನೆ ಬಂದಿದ್ದವನು

ದೆವ್ವ, ಪೀಡೆ, ಶಕುನ ಎಂದರೆ ನಗುವವರಲ್ಲಿ ನಾನು ಮುಂದಿನ ಸಾಲಿನವನು. ಅರಸೀಕೆರೆ ರೈಲು ನಿಲ್ದಾಣದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತನಾಗಿದ್ದಾಗ, ಬಿಡುವಿನಲ್ಲಿ ಯಾರಾದರೂ ಹುಣಸೆಮರದ ಕತೆ ತೆಗೆದರೆ ಅವರ ಬಾಯಿ ಮುಚ್ಚಿಸುವ ತನಕ ಬಿಡುತ್ತಿರಲಿಲ್ಲ. ಈಗಲೂ ದೆವ್ವವನ್ನು ನಂಬಿದವನಲ್ಲ. ಆದರೆ ನಗುವುದನ್ನು ಬಿಟ್ಟು ಬಹಳ ವರ್ಷಗಳಾದವು. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ದಿನಗಳು. ಮದುವೆಯಾಗಿ ಕೆಲವು ವರ್ಷ ಕಾದ ಮೇಲೆ ನನಗೂ ಶಾರದೆಗೂ ಹುಟ್ಟಿದ ಹೆಣ್ಣು ಮಗು ಒಂದು ವಾರವೂ ಉಳಿಯಲಿಲ್ಲ. ನಾಮಕರಣವಿಲ್ಲದೆಯೇ ಹೋಯಿತು. ಶಾರದೆ ತಿಂಗಳುಗಟ್ಟಲೆ ಅತ್ತಳು. ನಾನು ಅಳಲಿಲ್ಲ. ದುಃಖವಿರಲಿಲ್ಲವೆಂದಲ್ಲ, ಅದು ಹೊರಗೆ ಬರಲಿಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದೆ, ಸಂಜೆ ಬಂದು ಉಂಡು ಮಲಗುತ್ತಿದ್ದೆ. ಒಂದು ದಿನ ಅವಳು, "ನಿಮಗೆ ಅದು ಹುಟ್ಟಿದ್ದೂ ಒಂದೇ, ಹೋಗಿದ್ದೂ ಒಂದೇ" ಎಂದಳು. ನಾನು ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟೆ. ಆಮೇಲೆ ಅವಳೂ ಮಾತು ಬಿಟ್ಟಳು.

ವರ್ಷ ಕಳೆದ ಮೇಲೆ, ಬೇಲೂರಿನ ತವರಿಗೆ ಹೋಗುತ್ತೇನೆಂದು ಹೊರಟಳು. ಮದುವೆಯ ಸೀರೆ, ಚಳಿಗಾಲದ ಶಾಲು, ಅವಳ ತಾಯಿ ಕೊಟ್ಟಿದ್ದ ಬೆಳ್ಳಿ ಬಟ್ಟಲು, ಎಲ್ಲವೂ ಟ್ರಂಕಿನೊಳಗೆ ಹೋದವು. ನಾಲ್ಕು ದಿನಕ್ಕೆಂದು ಹೋಗುವವಳು ಇಷ್ಟೆಲ್ಲ ಒಯ್ಯುವುದಿಲ್ಲ ಎಂಬುದು ನನಗೆ ಅರ್ಥವಾಯಿತು. ಆದರೂ ಟ್ರಂಕಿಗೆ ಹಗ್ಗ ಬಿಗಿದುಕೊಟ್ಟವನು ನಾನೇ. ಬಿಟ್ಟು ಬರಲು ಜೊತೆಗೆ ಹೊರಟವನೂ ನಾನೇ.

ಜಾವಗಲ್ಲು ದಾಟಿ ಹಳೇಬೀಡು ಮುಟ್ಟುವಷ್ಟರಲ್ಲಿ ಬಸ್ಸು ಕೆಟ್ಟಿತು. ಬೇಲೂರಿಂದ ಇನ್ನೊಂದು ಬಸ್ಸು ಬರಬೇಕು, ಹೊತ್ತಾಗುತ್ತದೆ ಎಂದ ಕಂಡಕ್ಟರ್. ಶಾರದೆ ಬೆಳಗಿನಿಂದ ಏನೂ ತಿಂದಿರಲಿಲ್ಲ. ಇಲ್ಲಿ ಊಟ ಎಲ್ಲಿ ಸಿಗುತ್ತದೆ ಎಂದು ಬೀಡಾ ಅಂಗಡಿಯವನನ್ನು ಕೇಳಿದೆ.

"ಬಸದಿ ಕಡೆ ಪದ್ಮಾವತಮ್ಮನೋರ ಊಟದ ಮನೆ ಐತೆ. ಜೈನರು. ಬಿರ್ರನೆ ಹೋಗಿ, ಹೊತ್ತು ಮುಳುಗಿದ್ ಮೇಲೆ ಅವ್ರು ಎಲೆ ಹಾಕಾಕಿಲ್ಲ" ಎಂದ.

ಅದು ಹೋಟೆಲ್ಲಿನಂತಿರಲಿಲ್ಲ. ಮರದ ಕಂಬಗಳ ಹಳೆಯ ಮನೆ, ಬೋರ್ಡು ಕೂಡ ಇರಲಿಲ್ಲ. ದೇವಸ್ಥಾನ, ಬಸದಿ ನೋಡಲು ಬಂದವರು ಕೇಳಿದರೆ ಬಡಿಸುತ್ತಿದ್ದರಂತೆ. ಜಗಲಿ ದಾಟಿದರೆ ತೊಟ್ಟಿಯ ಸುತ್ತ ನೆಲದ ಮೇಲೆ ಮಣೆಗಳು, ಮುತ್ತುಗದ ಎಲೆಗಳು. ಪಶ್ಚಿಮದ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ನಮ್ಮಿಬ್ಬರ ಹೊರತು ಉಣ್ಣುವವರು ಯಾರೂ ಇರಲಿಲ್ಲ.

ಒಳಗಿನಿಂದ ಬಂದ ಪದ್ಮಾವತಮ್ಮ ಅರವತ್ತರ ಆಸುಪಾಸಿನ ಹೆಂಗಸು. ನನ್ನನ್ನು ನೋಡಿದ್ದೇ ಅವರ ಮುಖ ಅರಳಿತು.

"ಬಂದ್ರಾ? ಕರ್ಕೊಂಡೇ ಬಂದ್ರಲ್ಲ, ಒಳ್ಳೇದಾಯ್ತು."

"ನೀವು ಯಾರನ್ನೋ ಅಂದ್ಕೊಂಡಿದ್ದೀರಿ. ನಾವು ಇಲ್ಲಿಗೆ ಬರ್ತಿರೋದು ಇದೇ ಮೊದಲು" ಎಂದೆ.

"ಅಯ್ಯೋ, ನಿನ್ನೆ ಇದೇ ಹೊತ್ತಲ್ಲಿ ಆ ಕಂಬದ ಪಕ್ಕ ಕೂತಿದ್ರಲ್ಲ! ಹಾಕಿದ ಅನ್ನ ಹಂಗೇ ಬಿಟ್ಟು ಎದ್ರಿ. ನಂಗೆ ರಾತ್ರಿಯೆಲ್ಲ ಸಮಾಧಾನಿಲ್ಲ."

ವಯಸ್ಸಾದವರು, ಕಣ್ಣು ಮಂಜಾಗಿರಬೇಕು ಎಂದುಕೊಂಡು ಮಣೆಯ ಮೇಲೆ ಕುಳಿತೆ. ಅನ್ನ, ತೊವ್ವೆ, ಹೀರೆಕಾಯಿ ಪಲ್ಯ ಬಡಿಸಿ, ತುಪ್ಪದ ಮಿಳ್ಳೆ ಹಿಡಿದು ಶಾರದೆಯ ಎದುರು ಬಂದಾಗ ಅವರು ಅಲ್ಲೇ ನಿಂತರು.

"ಗಂಡಸ್ರು ಹಂಗೆ ಅಳೋದ್ನ ನಾನು ನೋಡಿರ್ಲಿಲ್ಲ ಕಣಮ್ಮ. ಚಂಪಕ, ಚಂಪಕ ಅಂತ ಎಷ್ಟು ಸಲ ಅಂದ್ರೋ. ಯಾರಪ್ಪ ಚಂಪಕ ಅಂದೆ. ನನ್ ಮಗಳು, ಇದ್ದಿದ್ರೆ ಇಷ್ಟೊತ್ಗೆ ಹೆಜ್ಜೆ ಇಡ್ತಿದ್ಳು ಅಂದ್ರು. ಇದ್ನ ಮನೇಲಿ ಹೇಳ್ಕೊಳ್ಳಪ್ಪ ಅಂದ್ರೆ, ಬಾಯಿ ಬರಲ್ಲಮ್ಮ ಅಂದ್ರು."

ಕಲಸಿದ ತುತ್ತು ನನ್ನ ಕೈಯಲ್ಲೇ ಉಳಿಯಿತು. ಓದುಗರೇ, ಇಲ್ಲೊಂದು ಸಂಗತಿ ಹೇಳಬೇಕು. ಮಗು ಹುಟ್ಟಿತೆಂದು ದಾದಿ ಬಂದು ಹೇಳಿದಾಗ ನಾನು ಆಸ್ಪತ್ರೆಯ ಅಂಗಳದ ಸಂಪಿಗೆ ಮರದ ಕೆಳಗೆ ನಿಂತಿದ್ದೆ. ಚಂಪಕ ಎಂದು ಕರೆಯೋಣ ಅಂತ ಆ ಕ್ಷಣದಲ್ಲೇ ಮನಸ್ಸಿಗೆ ಬಂತು. ನಾಮಕರಣದ ದಿನ ಹೇಳೋಣವೆಂದು ಒಳಗೇ ಇಟ್ಟುಕೊಂಡೆ. ಆ ದಿನ ಬರಲಿಲ್ಲ. ಹೆಸರನ್ನು ನಾನು ಯಾರಿಗೂ ಹೇಳಿರಲಿಲ್ಲ, ಎಲ್ಲೂ ಬರೆದಿರಲಿಲ್ಲ.

ಶಾರದೆ ನನ್ನ ಕಡೆ ತಿರುಗಿದಳು. ಎಷ್ಟೋ ತಿಂಗಳ ಮೇಲೆ ನನ್ನ ಮುಖವನ್ನು ನೇರವಾಗಿ ನೋಡಿದಳು.

"ಚಂಪಕ ಅಂತ ಇಟ್ಟಿದ್ರಾ?"

ನಾನು ಹೌದೆಂದು ತಲೆಯಾಡಿಸಿದೆ. ಅಷ್ಟೇ ಮಾಡಲಾದದ್ದು. ಆಮೇಲೆ ಎಲೆಯ ಮೇಲೆ ಬಾಗಿಕೊಂಡು ಅತ್ತುಬಿಟ್ಟೆ. ಶಾರದೆ ಎದ್ದು ಬಂದು ಎಡಗೈಯನ್ನು ನನ್ನ ಬೆನ್ನ ಮೇಲಿಟ್ಟು ಪಕ್ಕದಲ್ಲಿ ಕುಳಿತಳು. ಅವಳ ಬಲಗೈ ಎಂಜಲಾಗಿತ್ತು, ಅದನ್ನು ದೂರ ಹಿಡಿದುಕೊಂಡೇ ಇದ್ದಳು. ಪದ್ಮಾವತಮ್ಮನಿಗೆ ಇದೇನೂ ಹೊಸತೆನಿಸಲಿಲ್ಲ. "ಇವತ್ತಾದ್ರೂ ಉಣ್ಣಿ. ಹೊತ್ತು ಮುಳುಗ್ತೈತೆ" ಎಂದು ಇನ್ನೊಂದು ಹಿಡಿ ಅನ್ನ ಹಾಕಿದರು. ಉಂಡೆವು.

ಬಸ್ಸಿಗೆ ಕಾಯುವಾಗ ಶಾರದೆ ಕೇಳಿದಳು. "ನಿನ್ನೆ ಕೆಲಸಕ್ಕೆ ಅಂತ ಹೇಳಿ ಇಲ್ಲಿಗೆ ಬಂದಿದ್ರಾ?" ಇಲ್ಲವೆನ್ನಲು ಬಾಯಿ ತೆರೆದೆ. ಅವಳು ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದಳು. ಇಲ್ಲವೆಂದರೆ ಆ ಕೈ ಎಲ್ಲಿ ಬಿಟ್ಟುಹೋಗುತ್ತದೋ ಎಂದು ಹೆದರಿ ಬಾಯಿ ಮುಚ್ಚಿದೆ. ಬೇಲೂರಿಗೆ ಹೋದ ಸ್ವಲ್ಪ ದಿನಕ್ಕೇ ಅವಳು ತಮ್ಮನಿಂದ ಟ್ರಂಕು ಹೊರಿಸಿಕೊಂಡು ಮನೆಗೆ ಬಂದಳು.

ಹಿಂದಿನ ದಿನ ನಾನು ಎಲ್ಲಿದ್ದೆ ಎಂಬುದರಲ್ಲಿ ಅನುಮಾನವೇ ಇಲ್ಲ. ಕೊಬ್ಬರಿ ಮೂಟೆಗಳ ವ್ಯಾಗನ್ ತುಂಬಿಸುತ್ತ ಬೆಳಗಿನಿಂದ ದೀಪ ಹಚ್ಚುವ ತನಕ ಗೂಡ್ಸ್ ಶೆಡ್ಡಿನಲ್ಲಿದ್ದೆ. ಹಮಾಲರೆಲ್ಲ ನೋಡಿದ್ದಾರೆ. ನನ್ನಂತೆಯೇ ಇದ್ದ ಬೇರೆ ಯಾರೋ ಬಂದಿರಬೇಕು, ಅವನಿಗೂ ಮಗಳು ಹೋಗಿರಬೇಕು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆಸರಿನ ಹತ್ತಿರ ಬಂದಾಗ ಆ ವಾದ ಮುರಿದುಬೀಳುತ್ತದೆ. ನಿದ್ದೆಯಲ್ಲಿ ಬಡಬಡಿಸಿರಬಹುದು ಎಂದರೆ, ಅದನ್ನು ಕೇಳಬಹುದಾಗಿದ್ದವಳು ಶಾರದೆ ಒಬ್ಬಳೇ. ಅವಳಿಗೇ ಆ ಹೆಸರು ಹೊಸದಾಗಿತ್ತಲ್ಲ!

ಒಮ್ಮೆ ಒಬ್ಬನೇ ಹಳೇಬೀಡಿಗೆ ಹೋದೆ. ಮನೆ ಹಾಗೆಯೇ ಇತ್ತು, ಪದ್ಮಾವತಮ್ಮ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದರು. ಮೊದಲ ದಿನ ಬಂದವನು ನಾನೇ ಹೌದೋ, ನೆನಪು ಮಾಡಿಕೊಂಡು ಹೇಳಿ ಎಂದೆ.

"ನೀವಲ್ದೆ ಇನ್ಯಾರು? ಆದ್ರೆ ಒಂದ್ ಮಾತು. ಮೊದಲ್ನೇ ದಿನ ಚೆನ್ನಾಗಿ ಮಾತಾಡಿದ್ರಿ. ಹೆಂಡ್ರು ಜೊತೆ ಬಂದಾಗ್ಲೇ ಹೊಸಬರ ಥರ ಮುಖ ಮಾಡಿದ್ರಿ" ಎಂದು ನಕ್ಕರು. ಮಜ್ಜಿಗೆ ಕೊಟ್ಟರು. ಅದಕ್ಕಿಂತ ಹೆಚ್ಚು ಕೇಳುವುದೇನೂ ಉಳಿದಿರಲಿಲ್ಲ.

ಮುಂದೆ ನಮಗೆ ಇಬ್ಬರು ಗಂಡುಮಕ್ಕಳಾದರು. ಅವರು ಶಾಲೆಗೆ ಹೋಗುವಷ್ಟಾದ ಮೇಲೆ ಒಂದು ಸಂಜೆ ಶಾರದೆಗೆ ನಿಜ ಹೇಳಿದೆ. ಅಲ್ಲಿಗೆ ಹೋಗಿದ್ದವನು ನಾನಲ್ಲ ಎಂದೆ. ಅವಳು ಹೂ ಕಟ್ಟುತ್ತಿದ್ದಳು. ಕೈ ನಿಲ್ಲಿಸಿದಳು.

"ಹಾಗಾದ್ರೆ ಯಾರು ಅಂತೀರಿ?"

"ಗೊತ್ತಿಲ್ಲ."

"ಯಾರೋ ಒಬ್ಬರು ಬಂದ್ರಲ್ಲ, ಬಿಡಿ" ಎಂದು ಮತ್ತೆ ದಾರ ಎಳೆದುಕೊಂಡಳು. ನನ್ನ ಮಾತನ್ನು ನಂಬಿದಳೋ, ನಾಚಿಕೆಗೆ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಳೋ, ತಿಳಿಯಲಿಲ್ಲ.

ಅವಳಿಗೆ ಅಷ್ಟು ಸಾಕಾಯಿತು. ನನಗೆ ಸಾಲದು. ಆ ಸಂಜೆ ಕಂಬದ ಪಕ್ಕ ಕುಳಿತು ಅನ್ನ ಬಿಟ್ಟು ಎದ್ದವನು ಯಾರೆಂದು ಈ ವಯಸ್ಸಿನಲ್ಲೂ ಯೋಚಿಸುತ್ತೇನೆ. ಭಯವೆನಿಸುವುದಿಲ್ಲ. ಒಂದು ಥರದ ಹೊಟ್ಟೆಕಿಚ್ಚು ಆಗುತ್ತದೆ ಎಂದರೆ ನಿಮಗೆ ವಿಚಿತ್ರವೆನಿಸಬಹುದು. ಅವನು ಯಾರೇ ಆಗಿರಲಿ, ನನ್ನ ಮಗಳಿಗಾಗಿ ನನಗಿಂತ ಒಂದು ದಿನ ಮೊದಲೇ ಅತ್ತವನು.