ಸೋರದ ಬೆಸುಗೆ, ಕಳ್ಳನಾದ ಡ್ರೈವರ್

2003ರ ಸುಗ್ಗಿಯ ಹೊತ್ತಿಗೆ ಗಂಗಾವತಿಯಲ್ಲಿ ನಾನು ವೆಲ್ಡಿಂಗ್ ಅಂಗಡಿ ಹಾಕಿ ಹನ್ನೆರಡು ವರ್ಷವಾಗಿತ್ತು. ಕಬ್ಬಿಣದ ಕೆಲಸ ಮಾಡುವವರು ಬೀದಿಗೊಬ್ಬರಿದ್ದರು. ಅಲ್ಯುಮಿನಿಯಂ ಎಂದರೆ ಮಾತ್ರ ಕೊಪ್ಪಳ, ಕುಷ್ಟಗಿ ಕಡೆಯವರೂ ನನ್ನ ಬಾಗಿಲಿಗೇ ಬರುತ್ತಿದ್ದರು. ಆರ್ಗಾನ್ ಗ್ಯಾಸಿನ ಆಸರೆಯಲ್ಲಿ ಬೆಸೆಯುವ ಟಿಗ್ ಯಂತ್ರ ನನ್ನ ಬಳಿ ಇತ್ತು. ಅದರ ಜೊತೆಗೆ ಒಂದಿಷ್ಟು ಹಮ್ಮೂ ಇತ್ತು. ಆ ಹಮ್ಮಿನಿಂದ ಒಬ್ಬ ಮನುಷ್ಯನಿಗಾದ ಅನ್ಯಾಯ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಶರಣೇಗೌಡರದು ಅಕ್ಕಿ ಗಿರಣಿ. ಅವರ ಮಿನಿ ಲಾರಿ ಭತ್ತ ಹೇರಿಕೊಂಡು ಕುಷ್ಟಗಿ ಕಡೆಯ ಏರು ಹತ್ತುವಾಗ ಏದುಸಿರು ಬಿಡುತ್ತಿತ್ತು. ಬಲ ಹೆಚ್ಚಿಸಲು ಗೌಡರು ಎಲ್ಲಿಂದಲೋ ಹಳೆಯ ಟರ್ಬೊ ತಂದಿದ್ದರು. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸದಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ. ಅದು ನಿಮಿಷಕ್ಕೆ ಲಕ್ಷ ಸುತ್ತಿನ ಹತ್ತಿರ ತಿರುಗುತ್ತದೆ, ಹಾಗಾಗಿ ಅದಕ್ಕೆ ಸದಾ ಎಣ್ಣೆ ಹರಿಯುತ್ತಿರಬೇಕು. ಹರಿದ ಎಣ್ಣೆ ವಾಪಸು ಎಂಜಿನ್ನಿನ ತಳದ ಆಯಿಲ್ ಚೇಂಬರಿಗೆ ಇಳಿಯಬೇಕು. ಈ ಎಂಜಿನ್ ಹುಟ್ಟಾ ಟರ್ಬೊ ಇಲ್ಲದ್ದು. ಎಣ್ಣೆ ಇಳಿಯಲು ಚೇಂಬರಿನಲ್ಲಿ ಬಾಯಿಯೇ ಇರಲಿಲ್ಲ. ತೂತು ಕೊರೆದು, ಪೈಪು ಸಿಕ್ಕಿಸಲು ಒಂದು ಅಲ್ಯುಮಿನಿಯಂ ನಿಪ್ಪಲ್, ಅಂದರೆ ಗಿಡ್ಡ ಕೊಳವೆ, ಬೆಸೆಯುವುದು ನನ್ನ ಪಾಲಿನ ಕೆಲಸ.

ಚೇಂಬರ್ ಬಿಚ್ಚಿಕೊಂಡು ಬಂದವನು ಗೌಡರ ಮೆಕ್ಯಾನಿಕ್ ವೀರೇಶ. ಜೊತೆಗೆ ಲಾರಿಯ ಡ್ರೈವರ್ ಯಮನೂರಪ್ಪ. ಯಲಬುರ್ಗಾ ಕಡೆಯ ಮಂಗಳೂರಿನವನು, ಮಾತು ಕಡಿಮೆ. ವೀರೇಶ ತಳದಿಂದ ಒಂದೂವರೆ ಇಂಚು ಮೇಲಕ್ಕೆ ಬಳಪದಿಂದ ಗುಂಡಗೆ ಗುರುತು ಹಾಕಿದ.

ಯಮನೂರಪ್ಪ ಬಗ್ಗಿ ನೋಡಿ ನನ್ನನ್ನು ಕೇಳಿದ: "ಉಸ್ತಾದ್ರ, ಎಣ್ಣಿ ಇದಕ್ಕಿಂತ ಮ್ಯಾಲ ನಿಂತಿರತೈತಲ್ರಿ. ಬಾಯಿ ಎಣ್ಣ್ಯಾಗ ಮುಳಗತೈತಲ್ಲ?"

"ಮ್ಯಾಲ ಸ್ಟೇರಿಂಗ್ ರಾಡ್ ಅಡ್ಡ ಬರತೈತಿ," ವೀರೇಶ ಗದರಿದ. "ನೀ ಗಾಡಿ ಹೊಡಿ ಸಾಕು. ಮಸ್ತಾನಣ್ಣ, ನೀ ವೆಲ್ಡಿಂಗ್ ಹೊಡಿ, ಉಳದದ್ದು ನಾ ನೋಡ್ಕೊಂತೀನಿ."

ನನ್ನ ಕಣ್ಣೆಲ್ಲ ಆ ಲೋಹದ ಮೇಲಿತ್ತು. ವರ್ಷಗಟ್ಟಲೆ ಎಣ್ಣೆ ಕುಡಿದ ಅಲ್ಯುಮಿನಿಯಂ ಬೆಸೆಯುವುದು ಸುಲಭವಲ್ಲ. ಕಾಯಿಸಿದಷ್ಟೂ ಒಳಗಿನಿಂದ ಜಿಡ್ಡು ಒಸರುತ್ತದೆ, ಬೆಸುಗೆಯಲ್ಲಿ ಸೂಜಿಮೊನೆಯಂಥ ತೂತು ಬೀಳುತ್ತವೆ. ಥಿನ್ನರಿನಲ್ಲಿ ಎರಡು ಸಲ ತೊಳೆದೆ. ಸ್ಟೀಲ್ ಬ್ರಶ್ಶಿನಿಂದ ಬೆಳ್ಳಗಾಗುವವರೆಗೂ ಉಜ್ಜಿದೆ. ಬರ್ನರಿನಿಂದ ಹದವಾಗಿ ಕಾಯಿಸಿ, ನೂರಾ ನಲವತ್ತು ಆಂಪಿಯರಿನಲ್ಲಿ ಮೊದಲ ಸುತ್ತು ಹಾಕಿದೆ. ಗುಳ್ಳೆ ಎದ್ದವು. ಗ್ರೈಂಡ್ ಮಾಡಿ ತೆಗೆದು ಮತ್ತೆ ಹಾಕಿದೆ. ಮೂರನೆಯ ಸಲಕ್ಕೆ ಬೆಸುಗೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತಿತು. ಹೊರಮೈಗೆ ಸುಣ್ಣ ಬಳಿದು, ನಿಪ್ಪಲಿನ ಬಾಯಿ ಬಂದ್ ಮಾಡಿ, ಒಳಗೆ ಸೀಮೆಎಣ್ಣೆ ತುಂಬಿಟ್ಟೆ. ಕೂದಲಿನಷ್ಟು ಸೀಳಿದ್ದರೂ ಸೀಮೆಎಣ್ಣೆ ಹೊರಬಂದು ಸುಣ್ಣದ ಮೇಲೆ ಕಲೆಯಾಗುತ್ತದೆ. ಒಂದು ತಾಸಾದರೂ ಸುಣ್ಣ ಬೆಳ್ಳಗೇ ಇತ್ತು.

ತಿಂಗಳಾಗಿರಲಿಲ್ಲ, ಗೌಡರು ಲಾರಿ ಸಮೇತ ಅಂಗಡಿಗೆ ಬಂದರು. ಸ್ಟೇರಿಂಗಿನಲ್ಲಿ ಯಮನೂರಪ್ಪನೇ ಇದ್ದ.

"ನಾಕ್ ದಿನಕ್ಕ ಒಂದ್ ಲೀಟರ್ ಎಣ್ಣಿ ಕಮ್ಮಿ ಆಗಾಕತ್ತೈತಿ. ನಿನ್ನ ವೆಲ್ಡಿಂಗ್ ಸೋರತೈತೇನು?" ಎಂದು ಕೇಳಿದರು ಗೌಡರು.

ನನ್ನ ಕೆಲಸದ ಮೇಲೆ ಆ ಮಾತು ಬಂದದ್ದಕ್ಕೆ ನನಗೆ ಕೆಂಡದಂಥ ಸಿಟ್ಟು ಬಂತು. ಲಾರಿಯ ಕೆಳಗೆ ಮಲಗಿ, ಬ್ಯಾಟರಿ ಹಿಡಿದು ನೋಡಿದೆ. ಬೆಸುಗೆಯ ಸುತ್ತ ಧೂಳು ಒಣಗಿಕೊಂಡೇ ಇತ್ತು. ಎದ್ದು ಕೈ ಒರೆಸಿಕೊಳ್ಳುತ್ತ ಹೇಳಿದೆ: "ನನ್ನ ಕೆಲಸ ಒಂದ್ ಹನಿ ಸೋರಿಲ್ರಿ ಗೌಡ್ರ. ಎಣ್ಣಿ ಎಲ್ಲಿ ಹೋಗತೈತಿ ಅಂತ ಅದರ ಕೂಡ ಇರಾವ್ರನ್ನ ಕೇಳ್ರಿ."

ಗೌಡರು ಯಮನೂರಪ್ಪನ ಕಡೆ ತಿರುಗಿದರು. ಅವನು ಏನೋ ಹೇಳಲು ಬಾಯಿ ತೆರೆದ. ನಾನು ಒಳಗೆ ಹೋದೆ.

ಮುಂದಿನದು ನನಗೆ ತಿಳಿದದ್ದು ಎಂಟು ದಿನದ ಮೇಲೆ, ಯಮನೂರಪ್ಪನ ಹೆಂಡತಿ ಹುಲಿಗೆಮ್ಮನಿಂದ. ಮಟ ಮಟ ಮಧ್ಯಾಹ್ನ ಬಂದು ಅಂಗಡಿಯ ಮುಂದೆ ನಿಂತಳು. ಕೂಡು ಎಂದರೂ ಕೂಡಲಿಲ್ಲ.

"ಗಿರಣಿ ಅಂಗಳದಾಗ ಹಮಾಲ್ರ ಮುಂದ ಗೌಡ್ರು ನನ್ನ ಗಂಡಗ ಕಪಾಳಕ್ಕ ಹೊಡದಾರ. ಎಣ್ಣಿ ಕದ್ದು ಮಾರ್ಯಾನಂತ. ಕೆಲಸಾನೂ ಬಿಡಿಸ್ಯಾರ. ಬ್ಯಾರೆ ಯಾರೂ ಗಾಡಿ ಹೊಡ್ಯಾಕ ಕರಿಯವಲ್ರು. ನಾವು ಕದ್ದಿಲ್ಲ ಅಂದ್ರ ಗೌಡ್ರು ಏನಂತಾರ ಗೊತ್ತೈತೇನ್ರಿ? ಮಸ್ತಾನಸಾಬನ ಹೇಳ್ಯಾನ ಅಂತಾರ."

"ಅವ್ವಾ, ನನ್ನ ವೆಲ್ಡಿಂಗ್ ಸೋರೂದಿಲ್ಲ. ನಾ ಹೇಳಿದ್ದು ಅಷ್ಟ."

"ಸೋರದಿದ್ರ ಆ ನೀಲಿ ಹೊಗಿ ಎಲ್ಲಿಂದ ಬರತೈತಿ? ಹೊಗಿ ಉಗಳತೈತಿ ಅಂತ ನನ್ನ ಗಂಡ ಹೇಳಿದ್ರ ಒಬ್ರೂ ಕಿವಿ ಕೊಡಲಿಲ್ಲ. ನಿಮಗೂ ಹೇಳಾಕ ಬಂದಿದ್ನಂತ, ನೀವು ಒಳಗ ಹೋದ್ರಂತ!"

ನೀಲಿ ಹೊಗೆ ಎಂಬ ಎರಡು ಶಬ್ದ ಕಿವಿಗೆ ಬಿದ್ದದ್ದೇ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟೆ. ನೀಲಿ ಹೊಗೆ ಎಂದರೆ ಎಂಜಿನ್ ಎಣ್ಣೆಯನ್ನೇ ಸುಡುತ್ತಿದೆ ಎಂದು ಅರ್ಥ. ಬೆಸುಗೆಯ ದಿನ ಯಮನೂರಪ್ಪ ಕೇಳಿದ ಮಾತು ಆಗ ನನ್ನ ತಲೆಗೆ ಹತ್ತಿತು. ನಿಪ್ಪಲಿನ ಬಾಯಿ ಎಣ್ಣೆಯಲ್ಲಿ ಮುಳುಗಿದ್ದರೆ ಟರ್ಬೊದಿಂದ ಇಳಿಯುವ ನೊರೆಗಟ್ಟಿದ ಎಣ್ಣೆಗೆ ಸಲೀಸಾದ ದಾರಿಯಿಲ್ಲ. ಅದು ಮೇಲೇ ಕಟ್ಟಿಕೊಂಡು, ಟರ್ಬೊದ ಸೀಲ್ ದಾಟಿ, ಎಂಜಿನ್ ಗಾಳಿ ಎಳೆಯುವ ಪೈಪಿಗೆ ನುಗ್ಗುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ.

ಮರುದಿನ ಬೆಳಿಗ್ಗೆ ಗಿರಣಿಗೆ ಹೋದೆ. ಅಂಗಳದಲ್ಲಿ ಹಮಾಲರು ಚೀಲ ಇಳಿಸುತ್ತಿದ್ದರು. ವೀರೇಶನೂ ಅಲ್ಲೇ ಇದ್ದ. ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿಯ ಹೋಸ್ ಪೈಪು ಬಿಚ್ಚಿದೆ. ಒಳಗೆ ಬೆರಳಾಡಿಸಿ ಗೌಡರ ಮುಂದೆ ಹಿಡಿದೆ. ಬೆರಳಿನ ತುದಿಯಿಂದ ಎಣ್ಣೆ ತೊಟ್ಟಿಕ್ಕಿತು.

"ಹಳೇ ಟರ್ಬೊ ಅಂದಮ್ಯಾಗ ಅಷ್ಟು ಇರೂದ," ಎಂದ ವೀರೇಶ.

ಹೋಸ್ ಮತ್ತೆ ಬಿಗಿದೆ. "ಚಾಲೂ ಮಾಡು. ರೇಸ್ ಕೊಡು," ಎಂದೆ.

ವೀರೇಶ ಹತ್ತಿ ಕೂತು ಎಂಜಿನ್ ಎಬ್ಬಿಸಿದ. ಎರಡು ನಿಮಿಷಕ್ಕೆ ನೀಲಿ ಹೊಗೆ ಅಂಗಳ ತುಂಬಿತು. ಅವನು ಕಾಲು ತೆಗೆದ. ಎಂಜಿನ್ನಿನ ವೇಗ ಇಳಿಯಲಿಲ್ಲ, ಬದಲಿಗೆ ಏರತೊಡಗಿತು. ಗಾಳಿಯ ಪೈಪಿನಲ್ಲಿ ನಿಂತಿದ್ದ ಎಣ್ಣೆಯನ್ನೇ ಡೀಸೆಲ್ಲಿನಂತೆ ಉಂಡು ಅದು ಕಿರುಚಹತ್ತಿತು. ವೀರೇಶ ಚಾವಿ ತಿರುಗಿಸಿದ, ನಿಲ್ಲಲಿಲ್ಲ. ಕೆಳಗೆ ಜಿಗಿದು ಓಡಿದ. ಗೌಡರು ಕಂಬದ ಹಿಂದೆ ಸರಿದರು. ನೀರಿನ ತೊಟ್ಟಿಯ ಪಕ್ಕದಲ್ಲಿದ್ದ ಹಸಿ ಗೋಣಿಚೀಲವನ್ನು ನಾಲ್ಕು ಪದರ ಮಡಚಿ, ಗಾಳಿ ಎಳೆಯುವ ಬಾಯಿಗೆ ಎರಡೂ ಕೈಯಿಂದ ಒತ್ತಿ ಹಿಡಿದೆ. ಗಾಳಿಯ ಸೆಳೆತಕ್ಕೆ ಚೀಲ ಒಳಕ್ಕೆ ತಗ್ಗಿತು. ಎಂಜಿನ್ ಎರಡು ಸಲ ಜಾಡಿಸಿ, ಸತ್ತಂತೆ ನಿಂತಿತು.

ಹಿರಿಯ ಹಮಾಲನೊಬ್ಬ ಚೀಲ ಇಳಿಸಿಟ್ಟು, ಎಂಜಿನ್ನಿನ ಕಡೆ ಕೈ ತೋರಿಸಿ ಎಲ್ಲರಿಗೂ ಕೇಳುವಂತೆ ಹೇಳಿದ: "ಎಣ್ಣಿ ಕದ್ದಾಂವ ಸಿಕ್ಕ ನೋಡ್ರಿ ಗೌಡ್ರ. ಇವನಿಗೂ ಹೊಡೀರಿ ಕಪಾಳಕ್ಕ."

ಗೌಡರ ಮುಖ ಕಪ್ಪಿಟ್ಟಿತು. ಅವರು, "ಆತು, ಆಗಿದ್ದು ಆತು. ನಿಪ್ಪಲ್ ಮ್ಯಾಲ ಹಚ್ಚಿ ಕೊಡು. ಸುಗ್ಗಿ ಐತಿ," ಎಂದರು.

"ಹಚ್ತೀನಿ. ಮೊದಲ ಅವನ್ನ ಕರಸ್ರಿ. ಎಲ್ಲಿ ನಿಂತು ಹೊಡದ್ರಿ, ಅಲ್ಲೇ ನಿಂತು ತಪ್ಪಾತು ಅನ್ರಿ."

"ಡ್ರೈವರ್‌ಗ ನಾ ತಪ್ಪಾತು ಅನಬೇಕಾ?"

"ಅನ್ನೂದಿಲ್ಲಂದ್ರ ಬ್ಯಾರೆ ಕಡೆ ಒಯ್ರಿ."

ಮೂರು ದಿನ ಲಾರಿ ಅಂಗಳದಲ್ಲೇ ನಿಂತಿತು. ನಾಲ್ಕನೆಯ ದಿನ ಗೌಡರು ಯಮನೂರಪ್ಪನನ್ನು ಕರೆಸಿದರು. ಹಮಾಲರು ನಿಂತು ನೋಡುತ್ತಿದ್ದರು. "ನಂದ ತಪ್ಪಾಗೇತಿ, ನಾಳಿಂದ ಗಾಡಿ ತಗೋ," ಎಂದು ನೆಲ ನೋಡುತ್ತ ಹೇಳಿ ಚಾವಿ ಚಾಚಿದರು. ಯಮನೂರಪ್ಪ ಕೈ ಮುಂದೆ ಮಾಡಲಿಲ್ಲ. "ನಾ ಒಲ್ಲೆ ಗೌಡ್ರ," ಎಂದಷ್ಟೇ ಹೇಳಿ ಅಂಗಳ ದಾಟಿದ.

ನಾನು ಹಿಂದೆಯೇ ಹೋದೆ. ರಸ್ತೆಯ ಚಹಾದ ಅಂಗಡಿಯಲ್ಲಿ ಕೂತೆವು. ನಾನು ಕ್ಷಮೆ ಕೇಳುವ ಮೊದಲೇ ಅವನು ಕೇಳಿದ: "ಖರೇ ಹೇಳ್ರಿ ಉಸ್ತಾದ್ರ. ನಾ ಕದ್ದೀನಿ ಅಂತ ನೀವೂ ನಂಬಿದ್ರಿ, ಹೌದಲ್ಲ?"

ಸುಳ್ಳು ಹೇಳಬಹುದಿತ್ತು. "ಹೌದು," ಎಂದೆ.

ಅವನು ಚಹಾ ಮುಗಿಸಿ ಎದ್ದು ಹೋದ. ಆಮೇಲೆ ಕುಕನೂರಿನಲ್ಲಿ ಪ್ಯಾಸೆಂಜರ್ ಟೆಂಪೊ ಹೊಡೆಯುತ್ತಾನೆಂದು ಕೇಳಿದೆ. ನನ್ನ ಅಂಗಡಿಗೆ ಮತ್ತೆ ಬರಲಿಲ್ಲ.

ಹಳೆಯ ತೂತು ಮುಚ್ಚಿ, ನಿಪ್ಪಲನ್ನು ಎಣ್ಣೆಯ ಮಟ್ಟಕ್ಕಿಂತ ಎರಡಿಂಚು ಮೇಲೆ, ರಾಡಿಗೆ ತಾಗದಂತೆ ಓರೆಯಾಗಿ ಬೆಸೆದುಕೊಟ್ಟೆ. ಹೊಗೆ ನಿಂತಿತು, ಎಣ್ಣೆ ಕಡಿಮೆಯಾಗುವುದೂ ನಿಂತಿತು. ವೀರೇಶನಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಅವನು ಅದೇ ಗಿರಣಿಯಲ್ಲಿ ಮುಂದುವರಿದ. ಗೌಡರ ಮೇಲೆ, ವೀರೇಶನ ಮೇಲೆ ನನಗಿರುವ ಸಿಟ್ಟು ಆರಿಲ್ಲ. ಆದರೆ ನನ್ನ ಮೇಲಿನ ಸಿಟ್ಟು ಅದಕ್ಕಿಂತ ದೊಡ್ಡದು.

ಅಂದಿನಿಂದ ಎಂಜಿನ್ ನೋಡದೆ, ಅದನ್ನು ಓಡಿಸುವವನ ಮಾತು ಪೂರ್ತಿ ಕೇಳದೆ ಯಾವ ಚೇಂಬರಿಗೂ ನಾನು ತೂತು ಕೊರೆದಿಲ್ಲ. ಆದರೆ ಕಸುಬು ನನಗೆ ಕಲಿಸಿದ ನಿಜವಾದ ಪಾಠ ತೂತಿನದಲ್ಲ, ಮಾತಿನದು. ನನ್ನ ಬೆಸುಗೆ ಸೋರುವುದಿಲ್ಲ ಎಂದು ಹೇಳುವ ಹಕ್ಕು ನನಗಿತ್ತು. ಅದರ ಕೂಡ ಇರುವವರನ್ನು ಕೇಳಿ ಎಂಬ ಮುಂದಿನ ಮಾತು ಆಡುವ ಹಕ್ಕು ಇರಲಿಲ್ಲ.