ತಾತನ ಕಾಲದಿಂದಲೂ ಇತ್ತು ಸ್ವಾಮಿ

ನಮ್ಮಪ್ಪನ ದನಿ ನನಗೆ ಸಲೀಸಾಗಿ ಬರುತ್ತದೆ. ಅರ್ಧ ಮೂಗಿನಿಂದ, ಅರ್ಧ ಗಂಟಲಿನಿಂದ, ನಡುವೆ ಒಂದು ಕೆಮ್ಮು. ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾದವರು ಊಟಕ್ಕೆ ಎದ್ದಾಗ ಖಾಲಿ ವೇದಿಕೆ ತುಂಬಿಸುವ ಮಿಮಿಕ್ರಿಯವನು ನಾನು. ಬಸ್ ಕಂಡಕ್ಟರು, ಕರೆಂಟು ಆಫೀಸಿನವರು, ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಕೂಗುವ ದಲ್ಲಾಳಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನದೇ ದನಿ ಯಾವುದೆಂದರೆ ಹುಡುಕಬೇಕು. ಹೊಸದೋ ಅಲ್ಲವೋ ಎಂಬ ಪರೀಕ್ಷೆಗೆ ನನ್ನನ್ನು ನಿಲ್ಲಿಸಿದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಎಳನೀರು ಗೊನೆ ಇಳಿಸಲು ಅಕ್ಕ ಮಾಡಿದ ಬ್ರೇಕು ಹಾಗಲ್ಲ. ಅದು ಹೊಸದು. ಅಷ್ಟನ್ನು ನಮ್ಮ ಮನೆಯಲ್ಲೇ ಒಪ್ಪಿಸಲು ಅವಳು ಪಟ್ಟ ಪಾಡು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಕ್ಕ ಮಳವಳ್ಳಿಯ ಐಟಿಐ ಒಂದರಲ್ಲಿ ಫಿಟ್ಟರ್ ಕೆಲಸ ಕಲಿಸುತ್ತಾಳೆ. ನಮ್ಮೂರು ಆತಗೂರಿನ ಕಡೆ; ತೆಂಗಿನ ತೋಟವಿದೆ. ಎಳನೀರು ಗೊನೆಯನ್ನು ಮೇಲಿಂದ ಬೀಳಿಸುವಂತಿಲ್ಲ, ಒಡೆದುಹೋಗುತ್ತದೆ. ಮರ ಹತ್ತಿದವನು ಗೊನೆಗೆ ಹಗ್ಗ ಕಟ್ಟಿ, ಹಗ್ಗವನ್ನು ಮಟ್ಟೆಯ ಬುಡಕ್ಕೆ ಒಂದು ಸುತ್ತು ಹಾಕಿ ಕಡಿಯುತ್ತಾನೆ. ಕೆಳಗೆ ನಿಂತವರು ಹಗ್ಗ ಹಿಡಿದು ಮೆಲ್ಲಗೆ ಬಿಡಬೇಕು. ಒಮ್ಮೆ ಕೆಳಗೆ ಅಕ್ಕ ನಿಂತಿದ್ದಳು. ಹಗ್ಗ ಜಾರಿತು, ಅಂಗೈ ಸುಲಿದುಹೋಯಿತು. ಕೈಗೆ ಬಟ್ಟೆ ಸುತ್ತಿಕೊಂಡೇ ಅವಳು ಒಂದು ಹಳೇ ಸ್ಕೂಟರಿನ ಬ್ರೇಕು ಬಿಚ್ಚಲು ಕೂತಳು. ಎಷ್ಟೋ ಗೊನೆ ಒಡೆದ ಮೇಲೆ ಒಂದು ಡಬ್ಬಿ ತಯಾರಾಯಿತು. ಅದನ್ನು ಮರದ ತಲೆಗೆ ಕೊಕ್ಕೆಯಿಂದ ಸಿಕ್ಕಿಸಿ ಗೊನೆ ತೂಗುಬಿಟ್ಟರೆ, ಗೊನೆ ಎಷ್ಟು ಭಾರವೋ ಬ್ರೇಕು ಅಷ್ಟು ಬಿಗಿಯಾಗಿ ಹಿಡಿಯುತ್ತದೆ. ಕೆಳಗೆ ಯಾರೂ ಬೇಡ. ಹಸೆಮಣೆಗೆ ಬರುವ ಮದುಮಗಳ ಹಾಗೆ ಗೊನೆ ತಾನೇ ಮೆಲ್ಲಗೆ ಇಳಿದು ಬರುತ್ತದೆ.

ಅಪ್ಪನಿಗೆ ಅದು ಗುಜರಿ. "ಐಟಿಐ ಮೇಡಮ್ಮು ತ್ವಾಟದಲ್ಲಿ ಗುಜರಿ ಅಂಗ್ಡಿ ಮಡಗವ್ಳೆ" ಎಂದು ಕಂಡಕಂಡವರಿಗೆ ಹೇಳಿ ನಗುತ್ತಿದ್ದ. ನನಗೂ ನಗು ಬರುತ್ತಿತ್ತು, ಸುಳ್ಳೇಕೆ. ಮಂಡ್ಯದ ವರ್ಕ್‌ಶಾಪಿನವನೊಬ್ಬ ಸುದ್ದಿ ಕೇಳಿ ಫೋಟೊ ತೆಗೆಯಲು ಬಂದಾಗ ಮಾತ್ರ ನಗು ನಿಂತಿತು. ಅಕ್ಕ ಡಬ್ಬಿಯ ಮೇಲೆ ಗೋಣಿಚೀಲ ಮುಚ್ಚಿ, ಅದರ ಮೇಲೆ ತಾನೇ ಕೂತಳು. ಅವನು ಹೋಗುವ ತನಕ ಏಳಲಿಲ್ಲ. "ಇದು ನಂದು ಕಣ್ಲಾ. ನಾಳೆ ಅವ್ನು ಮಾಡಿ ಮಾರಿದ್ರೆ ನಾನು ಬಾಯ್ ಬಡ್ಕಬೇಕಾ?" ಎಂದಳು. ಮಾರನೆಯ ವಾರವೇ ಪೇಟೆಂಟ್ ಮಾಡಿಸಿಕೊಡುವ ಏಜೆಂಟರೊಬ್ಬರನ್ನು ಮಂಡ್ಯದಲ್ಲಿ ಹುಡುಕಿಕೊಂಡಳು.

ಏಜೆಂಟರು ಮೆದು ಮಾತಿನವರು. "ಕಂಪ್ಯೂಟರಿನಲ್ಲಿ ಹುಡುಕಿದ್ದೀನಿ ಮೇಡಂ. ಕಟ್ಟಡದಿಂದ ಜನರನ್ನ ಇಳಿಸೋ ಬ್ರೇಕುಗಳು ಹೊರದೇಶದಲ್ಲಿವೆ, ಆದರೆ ಭಾರ ನೋಡಿಕೊಂಡು ಬಿಗಿ ಬದಲಾಯಿಸೋ ನಿಮ್ಮ ಕ್ರಮ ಅವುಗಳಲ್ಲಿಲ್ಲ. ಇನ್ನು ನಿಮ್ಮ ಊರ ಕಡೆ ಯಾರಾದರೂ ಮೊದಲಿಂದ ಬಳಸ್ತಾ ಇದ್ದಾರಾ ಅಂತ ನೋಡಬೇಕು. ಹಾಗೇನಾದರೂ ಇದ್ದರೆ ಅದು ಹೊಸದಲ್ಲ, ಪೇಟೆಂಟೂ ಇಲ್ಲ. ಒಂದು ದಿನ ಬಂದು ನೋಡಿ, ನಾಲ್ಕು ಜನರನ್ನ ವಿಚಾರಿಸ್ತೀನಿ" ಎಂದರು.

ಅಪ್ಪನ ಕಿವಿಗೆ ಇದರಲ್ಲಿ ಬಿದ್ದದ್ದು ಒಂದೇ: ಚೀಲ ಹಿಡಿದ ಸಾಹೇಬರೊಬ್ಬರು ವಿಚಾರಣೆಗೆ ಬರುತ್ತಾರೆ.

ನಮ್ಮ ಕಡೆ ಚೀಲ ಹಿಡಿದ ಸಾಹೇಬರು ಬರುವುದು ಜಮೀನಿನ ವಿಷಯಕ್ಕೆ. ಅವರು ಕೇಳುವುದೂ ಒಂದೇ ಪ್ರಶ್ನೆ, ಇದು ಯಾರ ಸ್ವಾಧೀನದಲ್ಲಿದೆ, ಎಂದಿನಿಂದ. ನಾಲೆ ಪಕ್ಕದ ಒಂದು ತುಂಡು ಜಾಗಕ್ಕೆ ಅಪ್ಪ ವರ್ಷಗಟ್ಟಲೆ ಮದ್ದೂರು ಕೋರ್ಟಿಗೆ ಅಲೆದು, ನಮ್ಮಪ್ಪನ ಕಾಲದಿಂದ ನಾವೇ ಉಳ್ತಾ ಇದ್ದೀವಿ ಎಂದು ಸಾಕ್ಷಿ ಹೇಳಿಸಿ ಗೆದ್ದಿದ್ದ. ಹಳೆಯದಾದಷ್ಟೂ ಗಟ್ಟಿ. ನೆನ್ನೆ ಬಂದದ್ದು ಯಾರದ್ದೂ ಅಲ್ಲ. ಇಷ್ಟು ಅವನ ಕಾನೂನು ಜ್ಞಾನ.

ಏಜೆಂಟರನ್ನು ಮದ್ದೂರಿನಿಂದ ನಾನೇ ಬೈಕಿನಲ್ಲಿ ಕರೆತಂದೆ. ಅಕ್ಕ ತೋಟದಲ್ಲಿ ಮರಕ್ಕೆ ಡಬ್ಬಿ ಕಟ್ಟಿಸುತ್ತಿದ್ದಳು. ಜಗಲಿಯ ಮೇಲೆ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ನಾವು ದೊಡ್ಡಪ್ಪ ಎಂದು ಕರೆಯುವ ನೆರೆಮನೆಯವರು, ಮಾಜಿ ಪಂಚಾಯ್ತಿ ಮೆಂಬರು, ಕೋರ್ಟಿನಲ್ಲಿ ಅಪ್ಪನ ಪರ ಸಾಕ್ಷಿ ನುಡಿದವರು. ಅವರ ಹಿಂದೆ, ಮಹಜರಿಗೆ ಸಾಕ್ಷಿ ಸಾಲದೆ ಬಂದೀತೆಂದು, ಇನ್ನೊಬ್ಬ ಮುದುಕರು.

ಕಾಫಿ ಬಂತು. ಏಜೆಂಟರು ಮೆತ್ತಗೆ ಕೇಳಿದರು. "ಯಜಮಾನ್ರೇ, ಗೊನೆ ಇಳಿಸೋ ಈ ಥರದ ಸಾಧನ ನಿಮ್ಮ ಕಡೆ ಮೊದಲು ಇತ್ತಾ?"

"ಮೊದ್ಲು ಅಂದ್ರೆ? ನಮ್ಮಪ್ಪನ ಕಾಲ್ದಿಂದ್ಲೂ ಅದೆ ಸ್ವಾಮಿ" ಎಂದ ಅಪ್ಪ.

ನಾನು ಲೋಟ ಕೆಳಗಿಟ್ಟೆ. "ಅಪ್ಪಾ, ಅವರು ಕೇಳ್ತಿರೋದು…"

"ದೊಡ್ಡೋರು ಮಾತಾಡ್ವಾಗ ಬಾಯ್ ಆಕ್ಬ್ಯಾಡ. ಇವ್ನು ಮಿಮಿಕ್ರಿಯೋನು ಸ್ವಾಮಿ, ಇವ್ನ ಮಾತು ತಲೆಗೆ ಆಕ್ಕಬೇಡಿ."

"ಇದೇ ಥರದ್ದಾ? ಬ್ರೇಕು ಇರೋದಾ?" ಏಜೆಂಟರು ಬರೆಯುವುದು ನಿಲ್ಲಿಸಿ ನೋಡಿದರು.

"ಇದೇಯ. ಬ್ರೇಕೂ ಇತ್ತು, ಎಲ್ಲಾ ಇತ್ತು. ಬೇಕಾರೆ ಕೇಳಿ" ಎಂದು ಅಪ್ಪ ಕೈ ತೋರಿಸಿದ.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ನಾನು ಚಡ್ಡಿ ಆಕ್ತಿದ್ ಕಾಲ್ದಲ್ಲಿ ಇವರಪ್ಪ ಅದ್ರಲ್ಲೇ ಗೊನೆ ಇಳುಸ್ತಿದ್ದ. ಕಣ್ಣಾರೆ ಕಂಡಿವ್ನಿ. ಎಲ್ಲಿ ಬೇಕಾರೂ ಬಂದು ಏಳ್ತೀನಿ." ಹಿಂದಿನ ಮುದುಕರು ಕೇಳುವ ಮೊದಲೇ "ಊ ಸ್ವಾಮಿ" ಎಂದರು. ಅವರಿಗೆ ಕಿವಿ ಅಷ್ಟಕ್ಕಷ್ಟೆ.

ಆ ಹೊತ್ತಿಗೆ ಅಕ್ಕ ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಬಂದಳು. ನನ್ನ ಮುಖ ನೋಡಿದವಳೇ ಏನೋ ಕೆಟ್ಟಿದೆ ಎಂದು ನಿಂತುಬಿಟ್ಟಳು. ಏಜೆಂಟರು ತೋಟಕ್ಕೆ ಹೋಗಿ ನೋಡಿದರು. ಗೊನೆ ಒಂದು ಕಾಯಿಯೂ ಒಡೆಯದೆ ಇಳಿಯಿತು. ಅವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಬಹಳ ಚೆನ್ನಾಗಿದೆ ಮೇಡಂ ಎಂದರು. ಆಮೇಲೆ ತಲೆ ತಗ್ಗಿಸಿದರು. "ಆದರೆ ನಿಮ್ಮ ತಂದೆಯವರೇ ಇದು ತಾತನ ಕಾಲದ್ದು ಅಂತಾರೆ. ಸಾಕ್ಷಿ ಬೇರೆ ಇದ್ದಾರೆ. ಕೇಳಿದ್ದನ್ನ ಕೇಳಿಲ್ಲ ಅಂತ ನಾನು ಅರ್ಜಿ ಹಾಕಲಾರೆ. ಅವರು ಹೇಳಿದ್ದು ತಪ್ಪು ಅಂತ ಅವರೇ ಹೇಳಬೇಕು."

ಅವರನ್ನು ಬಸ್ಸು ಹತ್ತಿಸಿ ನಾನು ವಾಪಸ್ ಬಂದಾಗ ಮನೆ ಹೊತ್ತಿ ಉರಿಯುತ್ತಿತ್ತು.

"ನಿನ್ ಒಳ್ಳೇದಕ್ಕೇ ಏಳಿದ್ದು ಕಣವ್ವ" ಎನ್ನುತ್ತಿದ್ದ ಅಪ್ಪ. "ಗಟ್ಟಿಯಾಗ್ಲಿ ಅಂತ ಅಳೇದು ಅಂದೆ."

"ತಾತ ಇಡಕೊಂಡಿದ್ದು ಅಗ್ಗ ಅಪ್ಪ. ಬರೀ ಅಗ್ಗ. ಬ್ರೇಕು ಎಲ್ಲಿತ್ತು? ತೋರ್ಸು."

"ಅಗ್ಗಾನೂ ಇಳುಸೋದೇ, ಇದೂ ಇಳುಸೋದೇ."

"ಅಂಗಾರೆ ನಾನು ಮಾಡಿದ್ದೇನು?"

ಅಪ್ಪ ಚೊಂಬೆತ್ತಿ ನೀರು ಕುಡಿಯತೊಡಗಿದ. ನನಗೆ ತಡೆಯಲಾಗಲಿಲ್ಲ. ಜಗಲಿಯ ಮೇಲೆ ಅವನು ಕೂತಿದ್ದ ಹಾಗೇ ಕೂತು, ಅವನದೇ ದನಿಯಲ್ಲಿ, ಕೆಮ್ಮು ಸಮೇತ ಶುರು ಮಾಡಿದೆ. "ನಮ್ಮಪ್ಪನ ಕಾಲ್ದಿಂದ್ಲೂ ಅದೆ ಸ್ವಾಮಿ. ಈ ಫೋನು ನಮ್ಮಪ್ಪಂದು. ಟ್ರ್ಯಾಕ್ಟರೂ ನಮ್ಮಪ್ಪಂದೆ. ನನ್ ಮಗ್ಳನ್ನೂ ನಮ್ಮಪ್ಪನೇ ಮಾಡಿ ಮಡಗಿದ್ದ." ಚೊಂಬು ನನ್ನ ಕಿವಿಯ ಪಕ್ಕದಲ್ಲಿ ಹಾರಿ ಗೋಡೆಗೆ ಬಡಿಯಿತು. ಮದುವೆ ಮನೆಗಳಲ್ಲಿ ಇಷ್ಟು ಬೇಗ ಪ್ರತಿಕ್ರಿಯೆ ಸಿಕ್ಕುವುದಿಲ್ಲ.

ಏಜೆಂಟರಿಗೆ ಫೋನು ಮಾಡಿ ತಪ್ಪಾಯಿತು ಅನ್ನು ಎಂದು ಅಕ್ಕ ದಿನವೂ ಹೇಳಿದಳು. ದೊಡ್ಡಪ್ಪನನ್ನು ಸುಳ್ಳುಗಾರನನ್ನಾಗಿ ಮಾಡಲಾ, ಕೋರ್ಟಿನಲ್ಲಿ ನನ್ನ ಕೈ ಹಿಡಿದವನು ಅವನು, ಎಂದು ಅಪ್ಪ ದಿನವೂ ಹೇಳಿದ. ಅಕ್ಕ ಅವನಿಗೆ ಊಟ ಬಡಿಸುವುದನ್ನು ಬಿಟ್ಟಳು, ಮಾತು ಬಿಡಲಿಲ್ಲ. ನಾನು ಸಿಟ್ಟಾದದ್ದು ಅವನ ಅಜ್ಞಾನಕ್ಕಲ್ಲ. ಗುಜರಿ ಎಂದು ನಕ್ಕಾಗ ಅದು ಮಗಳದ್ದಾಗಿತ್ತು. ಸಾಹೇಬರು ನೋಡಲು ಬಂದ ದಿನ ಅದು ಅವನ ಅಪ್ಪನದ್ದಾಯಿತು. ಇದಕ್ಕೆ ಯಾವ ಕೋರ್ಟಿನ ಅನುಭವವೂ ಬೇಕಿಲ್ಲ.

ಕೆಲವು ದಿನ ಬಿಟ್ಟು ಒಂದು ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಬಂದು ಜಗಲಿಯಲ್ಲಿ ಕೂತರು. "ಏನಂತೆ ಆ ಸಾಯೇಬ್ರು? ಅಕ್ಕುಪತ್ರ ಆಗ್ತದಂತಾ?"

"ನೋಡ್ಬೇಕು" ಎಂದ ಅಪ್ಪ.

"ಅಲ್ಲ ಕಣಯ್ಯ, ಮನೇಗೋಗಿ ಯೋಚ್ನೆ ಮಾಡ್ದೆ. ಆ ಬ್ರೇಕು ಮೊದ್ಲು ಮಾಡಿದ್ದು ನಮ್ಮಪ್ಪ. ನಿಮ್ಮಪ್ಪ ನಮ್ ತ್ವಾಟದಲ್ಲಿ ನೋಡ್ಕೊಂಡು ಬಂದು ಮಾಡ್ಕೊಂಡ. ನಿಜ ಏಳ್ಬೇಕಲ್ಲ. ಕಾಗ್ದದಲ್ಲಿ ನಮ್ದೂ ಒಂದು ಎಸ್ರು ಸೇರ್ಸು."

ಅಪ್ಪ ಎದ್ದು ನಿಂತ. ಪಂಚೆ ಸೊಂಟಕ್ಕೆ ಬಿಗಿದುಕೊಂಡ. "ಏನಂದೆ? ನಮ್ಮಪ್ಪ ನಿಮ್ಮಪ್ಪನ್ನ ನೋಡಿ ಕಲ್ತನಾ?"

"ಇದ್ದಿದ್ ಏಳಿದ್ರೆ ಯಾಕಂಗ್ ಉರ್ಕೋತೀಯ?"

"ನಿಮ್ಮಪ್ಪನಿಗೆ ನೇಗ್ಲಿಗೆ ಗುಳ ಆಕಕ್ಕೆ ಬತ್ತಿರ್ಲಿಲ್ಲ, ಬ್ರೇಕು ಮಾಡ್ದನಾ? ನಿಮ್ಮಪ್ಪನೂ ಮಾಡ್ಲಿಲ್ಲ, ನಮ್ಮಪ್ಪನೂ ಮಾಡ್ಲಿಲ್ಲ. ಇಬ್ರೂ ಅಗ್ಗ ಇಡ್ಕೊಂಡು ಕೈ ಸುಟ್ಕೊಂಡ್ರು, ಅಷ್ಟೇಯ. ಇದು ನನ್ ಮಗ್ಳು ಮಾಡಿರದು."

"ಅಂಗಾರೆ ಅವತ್ತು ನಾನು ಸುಳ್ಳೇಳಿದ್ನಾ?"

"ಊ, ಏಳ್ದೆ. ನಾನೂ ಏಳ್ದೆ. ಓಗು."

ದೊಡ್ಡಪ್ಪ ಬೈಯುತ್ತಾ ಬೀದಿಗೆ ಇಳಿದರು. ಅಲ್ಲಿಂದ ಕದಲದೆ, ನಾಲೆ ಪಕ್ಕದ ಜಾಗದ ಸಾಕ್ಷಿಯನ್ನೂ ನೆನಪಿಸುತ್ತಾ ಬೈಯುತ್ತಿದ್ದರು.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅಕ್ಕ ಜಗಲಿಗೆ ಬಂದಳು. ಖುಷಿಯಾಗಿದ್ದಾಳೆಂದುಕೊಂಡೆ. ಅವಳ ಮುಖ ಇನ್ನೂ ಕೆಂಪೇರಿತ್ತು. "ನಂಗೋಸ್ಕರ ಏಳ್ಲಿಲ್ಲ ನೋಡ್ಲಾ. ಅವ್ರ ಮೇಲಿನ್ ಜಿದ್ದಿಗೆ ಏಳ್ದ" ಎಂದು ನನ್ನ ಕಿವಿಯಲ್ಲಿ ಹೇಳಿ, ಅಲ್ಲೇ ಏಜೆಂಟರಿಗೆ ಫೋನು ಹಚ್ಚಿದಳು. ಸ್ಪೀಕರ್ ಹಾಕಿ ಅಪ್ಪನ ಬಾಯಿಗೆ ಹಿಡಿದಳು. "ಈಗಂದಿದ್ದನ್ನೇ ಅನ್ನು."

ಅಪ್ಪ ಬೀದಿಯ ಕಡೆ ಒಮ್ಮೆ ನೋಡಿದ. "ಸ್ವಾಮಿ, ಅವತ್ತು ನಾನು ಏಳಿದ್ದು ತಪ್ಪು. ನಮ್ ಕಡೆ ಅಂಥದ್ದು ಇರ್ಲಿಲ್ಲ. ನನ್ ಮಗ್ಳು ಮಾಡಿರದು" ಎಂದ, ತಗ್ಗಿದ ದನಿಯಲ್ಲಿ.

"ಸರಿ ಯಜಮಾನ್ರೇ, ಗೊತ್ತಾಯ್ತು. ಇದನ್ನೇ ಬರೆದು ಸಹಿ ಮಾಡಿಕೊಡಿ, ಸಾಕು" ಎಂದರು ಏಜೆಂಟರು. ಪಕ್ಕದಲ್ಲಿದ್ದ ನನಗೂ ಅದು ಚೆನ್ನಾಗಿ ಕೇಳಿಸಿತು.

ಅಕ್ಕ ಫೋನು ಕಿತ್ತುಕೊಂಡು ಸ್ಪೀಕರ್ ಆರಿಸಿ, ಕಿವಿಗಿಟ್ಟುಕೊಂಡು ಬೀದಿಯ ಕಡೆ ನೋಡಿದಳು. ಬೀದಿಯಲ್ಲಿ ದೊಡ್ಡಪ್ಪನ ಸುತ್ತ ಅಷ್ಟು ಹೊತ್ತಿಗೆ ಜನ ಸೇರಿದ್ದರು. ಅವಳು ಫೋನನ್ನು ಮತ್ತೆ ಅಪ್ಪನ ಬಾಯಿಗೆ ಹಿಡಿದಳು.

"ಸರ್ಯಾಗಿ ಕೇಳುಸ್ಲಿಲ್ವಂತೆ" ಎಂದಳು. "ಇನ್ನೊಂದ್ಸಲ ಏಳು. ಜೋರಾಗಿ."